‘ಅಸಾಕಾಜೆ’ ರೈಲು ಮತ್ತು ಸರಾಸರಿ ಜವ: ಒಂದು ಅಭ್ಯಾಸ ಪಾಠದ ಅನುಭವ

ಒಂಬತ್ತನೇ ತರಗತಿಯ ‘ಚಲನೆ’ ಅಧ್ಯಾಯದಲ್ಲಿ ಸರಾಸರಿ ಜವ ನನ್ನ ಏಳನೇ ಅಭ್ಯಾಸ ಪಾಠವಾಗಿತ್ತು. ಉದಾಹರಣೆಗೆ ಜಪಾನಿನಲ್ಲಿ ಈಗ ನಿಂತುಹೋಗಿರುವ ‘ಅಸಾಕಾಜೆ’ ಎಂಬ ರಾತ್ರಿ ರೈಲನ್ನು ಆರಿಸಿಕೊಂಡೆ. ಆ ಹೆಸರಿನ ಅರ್ಥ ‘ಬೆಳಗಿನ ಗಾಳಿ’.

ವಿಷಯ ನಿರೂಪಣೆ

ಈ ರೈಲು ಆರಂಭವಾದದ್ದು 1956ರ ನವೆಂಬರ್‌ನಲ್ಲಿ. ಟೋಕಿಯೊದಿಂದ ಸಂಜೆ 6.30ಕ್ಕೆ ಹೊರಟು ಮರುದಿನ 11.55ಕ್ಕೆ ಕ್ಯೂಷು ದ್ವೀಪದ ಹಕಾತಾ ತಲುಪುತ್ತಿತ್ತು. ದೂರ ಸುಮಾರು 1,175 ಕಿ.ಮೀ. 1958ರಲ್ಲಿ ಹವಾನಿಯಂತ್ರಿತ ನೀಲಿ ಬೋಗಿಗಳು ಬಂದ ಮೇಲೆ ಜನ ಅದನ್ನು ‘ಓಡುವ ಹೋಟೆಲ್’ ಎಂದು ಕರೆದರು. 1975ರ ಮಾರ್ಚ್‌ನಲ್ಲಿ ಶಿಂಕಾನ್ಸೆನ್ ವೇಗದ ರೈಲು ಹಕಾತಾವರೆಗೆ ಬಂತು. ಅದರ ಹಳಿ ಹೆಚ್ಚು ನೇರ: ಸುಮಾರು 1,069 ಕಿ.ಮೀ.; ಸಮಯ ಸುಮಾರು 7 ಗಂಟೆ.

ಮಕ್ಕಳು ಲೆಕ್ಕ ಮಾಡಿದರು. ಅಸಾಕಾಜೆಯ ಸರಾಸರಿ ಜವ ಗಂಟೆಗೆ ಸುಮಾರು 67 ಕಿ.ಮೀ., ಶಿಂಕಾನ್ಸೆನ್‌ನದು ಸುಮಾರು 153 ಕಿ.ಮೀ. “ಆದ್ದರಿಂದ ನಿಧಾನದ ರೈಲು ನಿಂತುಹೋಯಿತು” ಎಂದು ಪಾಠಯೋಜನೆಯಲ್ಲಿ ಬರೆದುಕೊಂಡಂತೆಯೇ ಮುಗಿಸಿದೆ.

ಬಂದ ಪ್ರಶ್ನೆ

“ಯಾವ ವರ್ಷ ನಿಂತಿತು ಮಿಸ್?” ಎಂದಳು ಕೊನೆಯ ಬೆಂಚಿನ ಹುಡುಗಿ. 2005 ಎಂದೆ. “ಹಾಗಾದ್ರೆ ಮೂವತ್ತು ವರ್ಷ ಅದನ್ನ ಯಾರು ಹತ್ತಿದ್ರು?” ಉತ್ತರ ಹೊಳೆಯಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಪಾಠ ವೀಕ್ಷಿಸಿದ ಗುರುಗಳು ಸಂಜೆ ಹೇಳಿದರು: “ಉತ್ತರ ಗೊತ್ತಿಲ್ಲದಿದ್ದರೆ ತಪ್ಪಲ್ಲ. ಲೆಕ್ಕ ಹೇಳದ ಕಾರಣವನ್ನು ಲೆಕ್ಕದ ಬಾಯಲ್ಲಿ ಹೇಳಿಸಿದ್ದು ತಪ್ಪು.”

ಮರುದಿನದ ಪಾಠ

ಅದೇ ಪ್ರಶ್ನೆಯನ್ನು ತರಗತಿಯ ಮುಂದಿಟ್ಟೆ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿಬರುವ ತಂದೆಯ ಮಗನೊಬ್ಬ, “ಮಲಗಿದ ಹೊತ್ತು ಲೆಕ್ಕಕ್ಕಿಲ್ಲ ಮಿಸ್” ಎಂದ. ಅಲ್ಲಿಂದ ಮುಂದುವರಿದೆವು. ಹಗಲಿನ 7 ಗಂಟೆ ಇಡೀ ದಿನದ ಕೆಲಸವನ್ನು ನುಂಗುತ್ತದೆ. ರಾತ್ರಿ ರೈಲಿನ 17 ಗಂಟೆಯಲ್ಲಿ ಬಹುಪಾಲು ನಿದ್ದೆಯ ಹೊತ್ತು. ಆದರೂ ವಿಮಾನ, ರಾತ್ರಿ ಬಸ್ಸುಗಳ ಪೈಪೋಟಿಯಲ್ಲಿ ಪ್ರಯಾಣಿಕರು ಕಡಿಮೆಯಾಗುತ್ತ ಹೋದರು. 1993ರಲ್ಲಿ ‘ನೊಜೊಮಿ’ ಶಿಂಕಾನ್ಸೆನ್ ಹಕಾತಾವನ್ನು ಸುಮಾರು 5 ಗಂಟೆಯಲ್ಲಿ ತಲುಪತೊಡಗಿತು. ಮರುವರ್ಷ ಹಕಾತಾದ ದಿನನಿತ್ಯದ ಅಸಾಕಾಜೆ ನಿಂತಿತು. ಶಿಮೊನೊಸೆಕಿವರೆಗಿನ ಅಸಾಕಾಜೆ 2005ರ ಫೆಬ್ರುವರಿ ಕೊನೆಯವರೆಗೆ ಓಡಿತು.

ನಾನು ಕಲಿತದ್ದು

ಸೂತ್ರ ಸರಿಯಾಗಿತ್ತು, ಉತ್ತರಗಳೂ ಸರಿಯಾಗಿದ್ದವು. ತಪ್ಪಿದ್ದು ನನ್ನ ‘ಆದ್ದರಿಂದ’. ಪಾಠಯೋಜನೆಯಲ್ಲಿ ಆ ವಾಕ್ಯವನ್ನು ಹೊಡೆದುಹಾಕಿ, ಅಲ್ಲಿ ಆ ಹುಡುಗಿಯ ಪ್ರಶ್ನೆಯನ್ನೇ ಬರೆದಿದ್ದೇನೆ.