ನೆಲಕ್ಕೆ ಬಿದ್ದ ಇಕ್ಕಳ

1902ನೆಯ ಇಸವಿ ಅಕ್ಟೋಬರ್ 30. ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಪ್ಲೇಗಿನ ಲಸಿಕೆಯನ್ನು ಚುಚ್ಚಲಾಯಿತು. ಲಸಿಕೆ ಐದು ಸೀಸೆಗಳಲ್ಲಿ ಬಂದಿತ್ತು. ನಾಲ್ಕು ಸೀಸೆಗಳ ಲಸಿಕೆಯಿಂದ ಯಾರಿಗೂ ಕೇಡಾಗಲಿಲ್ಲ. ಉಳಿದೊಂದು ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಮಾತ್ರ ಧನುರ್ವಾಯುವಿಗೆ ತುತ್ತಾದರು. ಅವರಲ್ಲಿ ಒಬ್ಬರೂ ಬದುಕಲಿಲ್ಲ. ಪ್ಲೇಗಿನಿಂದ ಪಾರಾಗಲೆಂದು ತೋಳೊಡ್ಡಿದ್ದವರು ಅವರು.

ಆ ಲಸಿಕೆ ಸಿದ್ಧವಾದುದು ಮುಂಬಯಿಯ ಪರೇಲಿನಲ್ಲಿದ್ದ ಪ್ಲೇಗ್ ಪ್ರಯೋಗಶಾಲೆಯಲ್ಲಿ. ಅದರ ಮುಖ್ಯಸ್ಥರಾದ ವಾಲ್ಡೆಮಾರ್ ಹಾಫ್‌ಕಿನ್ ಅವರೇ ಈ ಲಸಿಕೆಯನ್ನು ಕಂಡುಹಿಡಿದವರು; 1897ರಲ್ಲಿ ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದವರು. ದುರಂತಕ್ಕೆ ಮುನ್ನ ಅವರು ತಯಾರಿಕೆಯ ಕ್ರಮದಲ್ಲಿ ಒಂದು ಮಾರ್ಪಾಡು ಮಾಡಿದ್ದರು. ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು ಶಾಖವನ್ನೇ ನೆಚ್ಚಿದ್ದರು. ವಿಚಾರಣಾ ಆಯೋಗದ ಸಂದೇಹ ಈ ಮಾರ್ಪಾಡಿನ ಮೇಲೆ ಬಿದ್ದಿತು. ಸೋಂಕು ಪ್ರಯೋಗಶಾಲೆಯಲ್ಲಿಯೇ ತಗಲಿತೆಂದು ಅದು ತೀರ್ಮಾನಿಸಿತು. ಹಾಫ್‌ಕಿನ್ ಹುದ್ದೆಯನ್ನು ಕಳೆದುಕೊಂಡರು.

ಆದರೆ ವಿಚಾರಣೆಯ ಕಾಗದಗಳಲ್ಲಿಯೇ ಇನ್ನೊಂದು ಸಂಗತಿ ಅಡಗಿತ್ತು. ಹಳ್ಳಿಯಲ್ಲಿ ಸೀಸೆಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಇಕ್ಕಳ ಜಾರಿ ನೆಲಕ್ಕೆ ಬಿದ್ದಿತ್ತು. ಸರಿಯಾಗಿ ಶುದ್ಧಗೊಳಿಸದೆ ಅದರಿಂದಲೇ ಬಿರಡೆಯನ್ನು ತೆಗೆಯಲಾಗಿತ್ತು. ಧನುರ್ವಾಯುವಿನ ರೋಗಾಣುಗಳ ನೆಲೆ ಮಣ್ಣೇ ಎಂಬುದನ್ನು ನೀವು ಬಲ್ಲಿರಿ. ಅಲ್ಲದೆ ಹಲವು ವಾರಗಳ ಹಿಂದೆ, ಸೀಸೆ ತುಂಬಿದಾಗಲೇ ಸೋಂಕು ತಗಲಿದ್ದರೆ ದ್ರವ ನಾರಬೇಕಿತ್ತು. ಬಿರಡೆ ತೆಗೆದಾಗ ಅಂಥ ವಾಸನೆ ಬಂದಿರಲಿಲ್ಲ. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಇದನ್ನೆತ್ತಿ ವಾದಿಸಿದ ಮೇಲೆ, 1907ರಲ್ಲಿ ಹಾಫ್‌ಕಿನ್ ದೋಷಮುಕ್ತರಾದರು.

ಇಂದು ಪ್ರಯೋಗಶಾಲೆಗಳಲ್ಲಿ ಪ್ರತಿಯೊಂದು ಕೆಲಸಕ್ಕೂ ಬರೆದಿಟ್ಟ ಕಾರ್ಯವಿಧಾನವಿರುತ್ತದೆ. 'ಇಕ್ಕಳವನ್ನು ಶುದ್ಧವಾಗಿಡತಕ್ಕದ್ದು' ಎಂದಷ್ಟೇ ಬರೆದರೆ ಅದು ಬುದ್ಧಿವಾದವಾದೀತು, ವಿಧಾನವಾಗದು. ಯಾವುದರಿಂದ, ಎಷ್ಟು ಹೊತ್ತು, ಯಾರು ಶುದ್ಧಗೊಳಿಸಬೇಕು? ನಡುವೆ ಅದು ಕೆಳಗೆ ಬಿದ್ದರೆ ಮಾಡಬೇಕಾದುದೇನು? ಈ ಕಡೆಯ ಪ್ರಶ್ನೆಯೇ ಮುಖ್ಯವಾದುದು. ಮೇಜಿನ ಮುಂದೆ ಕುಳಿತು ಬರೆಯುವವನಿಗೆ ಅದು ಹೊಳೆಯುವುದೇ ಇಲ್ಲ. ಆದುದರಿಂದ ದಿನವೂ ಆ ಕೆಲಸ ಮಾಡುವವನನ್ನು ಪಕ್ಕದಲ್ಲಿಟ್ಟುಕೊಂಡು ವಿಧಾನವನ್ನು ಬರೆಯುತ್ತಾರೆ. ಹೊಸಬನೊಬ್ಬನ ಕೈಗೆ ಅದನ್ನು ಕೊಟ್ಟು, ಅವನು ಎಲ್ಲಿ ತಡವರಿಸುತ್ತಾನೆಂದು ನೋಡಿ ತಿದ್ದುತ್ತಾರೆ.

ಬರೆದ ವಿಧಾನವೂ ಹಳತಾಗುತ್ತದೆ. ಉಪಕರಣ ಬದಲಾದಾಗ ಮಾತೂ ಬದಲಾಗಬೇಕು. ಮಾರ್ಪಾಡಿಗೆ ಕಾರಣ, ಅದನ್ನು ಪರೀಕ್ಷಿಸಿದ ಬಗೆ, ಜಾರಿಗೆ ಬಂದ ದಿನಾಂಕ, ಒಪ್ಪಿದವರ ಸಹಿ, ಇವೆಲ್ಲ ದಾಖಲೆಯಲ್ಲಿರಬೇಕು. ಹಳೆಯ ಪ್ರತಿಗಳನ್ನು ಗೋಡೆಯಿಂದಲೂ ಮೇಜಿನಿಂದಲೂ ಹಿಂತೆಗೆಯಬೇಕು. ಇಲ್ಲವಾದರೆ ಒಂದೇ ಕೋಣೆಯಲ್ಲಿ ಇಬ್ಬರು ಎರಡು ಬಗೆಯಾಗಿ ಕೆಲಸ ಮಾಡಿಯಾರು.

ಮುಲ್ಕೋವಾಲಿನ ಆ ಸೀಸೆಯ ಮೇಲೆ 53-ಎನ್ ಎಂಬ ಗುರುತಿತ್ತು. ಐದರಲ್ಲಿ ಯಾವುದು ಕೆಟ್ಟಿತ್ತು, ಅದನ್ನು ತುಂಬಿದುದು ಎಂದು ಎಂಬುದನ್ನು ಹುಡುಕಲು ಸಾಧ್ಯವಾದುದು ಆ ಗುರುತಿನಿಂದಲೇ. ಪರೇಲಿನ ಪ್ರಯೋಗಶಾಲೆಗೆ 1925ರಲ್ಲಿ ಹಾಫ್‌ಕಿನ್ ಅವರ ಹೆಸರನ್ನೇ ಇಡಲಾಯಿತು.