ಆ ರಾತ್ರಿ ಓಡಿ ಬಂದದ್ದು ತಪ್ಪಲ್ಲ

ಪ್ರಶ್ನೆ: ನನಗೆ 44 ವರ್ಷ. ವಿಜಯಪುರ ಜಿಲ್ಲೆಯವನು, ಊರಲ್ಲಿ ಕಿರಾಣಿ ಅಂಗಡಿ ಇದೆ. ಹಿಂದೆ ಮುಂಬೈಯಲ್ಲಿ ಕೆಲಸಕ್ಕಿದ್ದೆ. 2008ರ ನವೆಂಬರ್ 26ರ ರಾತ್ರಿ ಊರಿಗೆ ಹೊರಟು, ಸೊಲ್ಲಾಪುರದ ರೈಲಿಗಾಗಿ ಸಿಎಸ್‌ಟಿ ನಿಲ್ದಾಣದಲ್ಲಿ ಕಾಯುತ್ತ ಕೂತಿದ್ದೆ. ಗುಂಡಿನ ದಾಳಿ ನನ್ನ ಕಣ್ಣೆದುರೇ ನಡೆಯಿತು. ನನಗೆ ಒಂದು ಗೀರೂ ಆಗಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕುಸಿದು ಬಿದ್ದು ನನ್ನ ಕಡೆ ಕೈ ಚಾಚಿದರು. ನಾನು ಓಡಿದೆ. ಮುಂದೆ ಅವರೇನಾದರೋ ಗೊತ್ತಿಲ್ಲ. ಆಮೇಲೆ ಮುಂಬೈ ಬಿಟ್ಟು ಬಂದೆ, ರೈಲು ಹತ್ತಿಲ್ಲ. ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಅನೌನ್ಸ್‌ಮೆಂಟ್ ಶುರುವಾದರೂ ಮೈ ಬೆವರುತ್ತದೆ. ಮದುವೆ ಮೆರವಣಿಗೆಯಲ್ಲಿ ಪಟಾಕಿ ಸರ ಹಚ್ಚಿದರೆ ಅಂಗಡಿ ಷಟರ್ ಎಳೆದುಕೊಂಡು ಒಳಗೆ ಕೂರುತ್ತೇನೆ. ನಡುವೆ ಕೆಲವು ವರ್ಷ ಪರವಾಗಿಲ್ಲ ಅನ್ನುವಂತಿದ್ದೆ. 2025ರ ಏಪ್ರಿಲ್‌ನಲ್ಲಿ ಆ ದಾಳಿಯ ಆರೋಪಿ ತಹವ್ವೂರ್ ರಾಣಾನನ್ನು ಭಾರತಕ್ಕೆ ಕರೆತಂದ ಸುದ್ದಿ, ಅದರ ಬೆನ್ನಿಗೇ ಪಹಲ್ಗಾಮ್ ದಾಳಿ. ಟಿವಿಯಲ್ಲಿ ಹಳೆಯದನ್ನೆಲ್ಲ ಮತ್ತೆ ತೋರಿಸಿದರು. ಅಲ್ಲಿಂದ ನಿದ್ದೆ ಹೋಗಿದೆ. ರಾತ್ರಿ ಒಂದು ಕ್ವಾರ್ಟರ್ ಇಲ್ಲದೆ ಕಣ್ಣು ಹತ್ತುವುದಿಲ್ಲ. ಹೆಂಡತಿಗೂ ಏನೂ ಹೇಳಿಲ್ಲ. ಮನೆಯವರನ್ನೇ ಕಳಕೊಂಡವರು ಇರುವಾಗ, ಏನೂ ಆಗದ ನಾನು ಅಳುತ್ತ ಕೂತರೆ ಜನ ಏನಂದಾರು? ಮಗಳಿಗೆ ಪುಣೆಯಲ್ಲಿ ಸೀಟು ಸಿಕ್ಕಿದೆ. ‘ಅಪ್ಪಾ, ರೈಲಿಗೆ ಹೋಗೋಣ’ ಅಂತಾಳೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ‘ಏನೂ ಆಗದ ನಾನು’ ಎಂದು ಬರೆದಿದ್ದೀರಿ. ಆ ಮಾತು ಓದಿ ನನಗೆ ತುಂಬ ಸಂಕಟವಾಯಿತು. ಇಷ್ಟು ವರ್ಷ ರೈಲು ಹತ್ತದೆ, ನಿದ್ದೆಗೆಟ್ಟು, ಜೊತೆಗೆ ಬಾಳುವ ಹೆಂಡತಿಯಿಂದಲೂ ಮುಚ್ಚಿಟ್ಟು ದಿನ ದೂಡಿದವರಿಗೆ ಏನೂ ಆಗಿಲ್ಲ ಎಂದು ಯಾರು ಹೇಳಿಯಾರು? ನಿಮಗೂ ಪೆಟ್ಟು ಬಿದ್ದಿದೆ. ರಕ್ತ ಬರಲಿಲ್ಲ, ಹಾಗಾಗಿ ಆ ರಾತ್ರಿ ಯಾರೂ ನಿಮ್ಮನ್ನು ಸ್ಟ್ರೆಚರ್ ಮೇಲೆ ಮಲಗಿಸಲಿಲ್ಲ, ಯಾವ ಪಟ್ಟಿಯಲ್ಲೂ ನಿಮ್ಮ ಹೆಸರು ಸೇರಲಿಲ್ಲ. ಜಾಲಿಮುಳ್ಳು ಒಳಗೇ ಮುರಿದು ಉಳಿದು, ಮೇಲೆ ಚರ್ಮ ಕೂಡಿಕೊಂಡ ಹಾಗಾಗಿದೆ. ಹೊರಗಿಂದ ನೋಡುವವರಿಗೆ ಕಾಣದು, ಕಾಲೂರಿದಾಗ ನಿಮಗೆ ಮಾತ್ರ ಗೊತ್ತಾಗುತ್ತದೆ.

ಇದಕ್ಕೆ ವೈದ್ಯಲೋಕ ಹೆಸರು ಕೊಟ್ಟು ದಶಕಗಳೇ ಕಳೆದಿವೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಸ್ಥಿತಿ ಕಂಡ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಪಿಟಿಎಸ್‌ಡಿ ಎಂಬ ಕಾಯಿಲೆಯನ್ನು ಸೇರಿಸಿತು. ಆಘಾತದ ನಂತರ ಮನಸ್ಸು ಮೈ ಎರಡೂ ಅದರಿಂದ ಹೊರಬರಲಾಗದೆ ಸಿಕ್ಕಿಬೀಳುವ ಸ್ಥಿತಿ ಇದು. ಇನ್ನೊಬ್ಬರ ಮೇಲೆ ನಡೆದದ್ದನ್ನು ಕಣ್ಣಾರೆ ಕಂಡವರನ್ನೂ ವೈದ್ಯರು ಇದರಲ್ಲಿ ಸೇರಿಸಿಯೇ ನೋಡುತ್ತಾರೆ. ನಿಮಗಿರುವುದು ಅದೇ ಎಂದು ಒಂದು ಪತ್ರ ಓದಿ ನಾನು ತೀರ್ಪು ಕೊಡಬಾರದು, ಅದನ್ನು ವೈದ್ಯರು ಎದುರು ಕೂತು ನೋಡಿ ಹೇಳಬೇಕು. ಆದರೆ ನೀವು ಬರೆದಿರುವ ಬೆಚ್ಚುವಿಕೆ, ನಿದ್ದೆಗೇಡು, ತಪ್ಪಿಸಿಕೊಂಡು ಓಡಾಡುವುದು, ತಪ್ಪು ಮಾಡಿದೆನೆಂಬ ಕೊರಗು, ಇವೆಲ್ಲ ಅವರಿಗೆ ಚೆನ್ನಾಗಿ ಪರಿಚಯವಿರುವ ಲಕ್ಷಣಗಳು. ನಿಮ್ಮೊಬ್ಬರಿಗೇ ಬಂದ ಹುಚ್ಚಲ್ಲ, ಪುಕ್ಕಲುತನವೂ ಅಲ್ಲ.

ಮನೆಯವರನ್ನು ಕಳಕೊಂಡವರ ದುಃಖದ ಮುಂದೆ ನಿಮ್ಮದನ್ನು ಇಟ್ಟು ತೂಗಬೇಡಿ. ಆ ದಾಳಿಯಲ್ಲಿ 166 ಜನ ಸತ್ತರು. ಅವರ ಮನೆಗಳ ದುಃಖ ದೊಡ್ಡದು, ನಿಜ. ನೀವು ಸುಮ್ಮನಿದ್ದು ನವೆದರೆ ಆ ಮನೆಗಳಲ್ಲಿ ಯಾರ ಭಾರವೂ ಇಳಿಯುವುದಿಲ್ಲ.

ಈಗ ಆ ಚಾಚಿದ ಕೈಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದ ಉಳಿದದ್ದೆಲ್ಲ ಅದರ ಸುತ್ತಲೇ ಇದೆ ಅನಿಸಿತು.

ಅಂದು ರಾತ್ರಿ ಸುಮಾರು ಒಂಬತ್ತೂವರೆಗೆ ಇಬ್ಬರು ಎಕೆ ರೈಫಲ್, ಗ್ರೆನೇಡ್ ಹಿಡಿದು ನಿಲ್ದಾಣದ ಹಾಲ್‌ಗೆ ನುಗ್ಗಿದರು. ಗಂಟು ಮೂಟೆ ಇಟ್ಟುಕೊಂಡು ರೈಲು ಕಾಯುತ್ತಿದ್ದವರೂ ಸೇರಿ 50ಕ್ಕೂ ಹೆಚ್ಚು ಮಂದಿ ಆ ಒಂದು ನಿಲ್ದಾಣದಲ್ಲೇ ಪ್ರಾಣ ಬಿಟ್ಟರು. ನಿಮ್ಮ ಕೈಯಲ್ಲಿದ್ದದ್ದು ಬಹುಶಃ ಒಂದು ಚೀಲ. ಅಂಥ ಹೊತ್ತಿನಲ್ಲಿ ಯಾರೂ ಸರಿ ತಪ್ಪು ಯೋಚಿಸಿ ಹೆಜ್ಜೆ ಇಡುವುದಿಲ್ಲ. ಯೋಚನೆ ಹುಟ್ಟುವ ಮೊದಲೇ ಮೆದುಳಿನ ಅಮಿಗ್ಡಲಾ ಎಂಬ ಪುಟ್ಟ ಭಾಗ ಅಪಾಯದ ಕರೆ ಕೊಟ್ಟಿರುತ್ತದೆ. ಕೆಲವರ ಕಾಲು ಓಡುತ್ತದೆ, ಕೆಲವರದು ನಿಂತಲ್ಲೇ ಮರಗಟ್ಟುತ್ತದೆ. ಯಾರ ಮೈ ಯಾವುದನ್ನು ಮಾಡೀತು ಎನ್ನುವುದು ಅವರ ಗುಣದ ಮಾತಲ್ಲ.

ಇನ್ನೊಂದು ಸಂಗತಿ ನಿಮಗೆ ಗೊತ್ತಿರಲಿ. ಅಂದು ನಿಲ್ದಾಣದಲ್ಲಿ ಉದ್ಘೋಷಕರಾಗಿದ್ದ ವಿಷ್ಣು ಝೆಂಡೆ ಗುಂಡಿನ ಸದ್ದಿನ ನಡುವೆಯೂ ತಮ್ಮ ಕ್ಯಾಬಿನ್ನಿನಿಂದ ಕದಲದೆ, ಜನ ಹೊರಗೆ ಹೋಗಬೇಕು, ಇಂಥ ಕಡೆಯಿಂದ ಹೋಗಬೇಕು ಎಂದು ಮೈಕಿನಲ್ಲಿ ಮತ್ತೆ ಮತ್ತೆ ಹೇಳಿದರು. ಅದರಿಂದ ಎಷ್ಟೋ ಜೀವ ಉಳಿಯಿತು. ಎತ್ತರದಿಂದ ನಿಲ್ದಾಣವನ್ನು ನೋಡುತ್ತಿದ್ದ ಅವರು ಕೇಳಿಕೊಂಡದ್ದೂ ಇಷ್ಟೇ, ಹೊರಗೆ ಹೋಗಿ. ನೀವು ಹೋದಿರಿ.

ಬಸ್‌ಸ್ಟ್ಯಾಂಡಿನ ಮೈಕಿಗೆ ನೀವು ಬೆವರುವುದು ಏಕೆಂದು ಇದರಿಂದಲೂ ತಿಳಿಯಬಹುದು. ಭಯದ ಹೊತ್ತಿನಲ್ಲಿ ಸುತ್ತ ಏನೇನಿತ್ತೋ ಎಲ್ಲವನ್ನೂ ಮೆದುಳು ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತದೆ. ಗುಂಡಿನ ಸದ್ದೂ ಅದರೊಳಗೆ, ಕಾಪಾಡಲು ಬಂದ ಮೈಕಿನ ದನಿಯೂ ಅದರೊಳಗೆ. ಇದು ಆಗಿದ್ದು ಅಂದು, ಅಲ್ಲಿ ಎಂಬ ಗುರುತು ಮಾತ್ರ ಅದರ ಮೇಲೆ ಸರಿಯಾಗಿ ಬೀಳುವುದಿಲ್ಲ. ಹಾಗಾಗಿ ‘ವಿಜಯಪುರ–ಸೊಲ್ಲಾಪುರ ಬಸ್ಸು ಹೊರಡಲು ಸಿದ್ಧವಾಗಿದೆ’ ಎಂದು ಮೈಕು ಕೂಗಿದರೆ ನಿಮ್ಮ ಮೈ ಮುಂಬೈಗೆ ಹೋಗಿ ನಿಲ್ಲುತ್ತದೆ.

ಇಷ್ಟು ಹೇಳಿದರೂ ‘ನಾನು ಕೈ ಹಿಡಿದಿದ್ದರೆ ಅವರು ಉಳಿಯುತ್ತಿದ್ದರೇನೋ’ ಎಂಬ ಮಾತು ಒಳಗೆ ಬಂದೇ ಬರುತ್ತದೆ. ನನ್ನೆದುರು ಕೂತ ಅನೇಕರ ಬಾಯಲ್ಲಿ ಇಂಥದೇ ಮಾತು ಕೇಳಿದ್ದೇನೆ. ನನಗನಿಸುವುದು ಇದು: ‘ನನ್ನಿಂದ ಏನೂ ಮಾಡಲಾಗುತ್ತಿರಲಿಲ್ಲ’ ಎಂದು ಒಪ್ಪುವುದು ಮನುಷ್ಯನಿಗೆ ಬಹಳ ಕಷ್ಟ. ಅದಕ್ಕಿಂತ ‘ತಪ್ಪು ನನ್ನದು’ ಎಂದುಕೊಳ್ಳುವುದು ಎಷ್ಟೋ ಸಲೀಸು. ತಪ್ಪು ನನ್ನದಾದರೆ, ನಾನು ಸರಿಯಾಗಿದ್ದರೆ ಅದು ತಪ್ಪುತ್ತಿತ್ತು ಎಂಬ ನಂಬಿಕೆಯಾದರೂ ಉಳಿಯುತ್ತದಲ್ಲ. ಆ ನಂಬಿಕೆಗೆ ನೀವು ಇಷ್ಟು ವರ್ಷ ನಿದ್ದೆಯನ್ನೇ ಬೆಲೆ ಕೊಟ್ಟಿದ್ದೀರಿ. ಕೊಂದವರು ಬಂದೂಕು ಹಿಡಿದು ಬಂದವರು. ಆ ಹಿರಿಯರಿಗಾಗಿ ಮರುಗಿ, ಖಂಡಿತ ಮರುಗಿ. ಅವರು ಹೋದರೆಂದೇ ನಿಮ್ಮ ಮನಸ್ಸು ಹೇಳಿದರೆ ಮನೆಯಲ್ಲಿ ಅವರ ಹೆಸರಿನಲ್ಲಿ ಒಂದು ದೀಪ ಹಚ್ಚಿ. ಅವರ ಸಾವಿನ ಹೊಣೆ ಮಾತ್ರ ಹೊರಬೇಡಿ.

ಏಪ್ರಿಲ್‌ನಲ್ಲಿ ಎಲ್ಲ ಮರುಕಳಿಸಿದ್ದು ನೀವು ಮತ್ತೆ ಮೊದಲಿನ ಹಂತಕ್ಕೇ ಬಂದಿರಿ ಎಂಬುದರ ಗುರುತಲ್ಲ. ಏಪ್ರಿಲ್ 10ಕ್ಕೆ ರಾಣಾ ದೆಹಲಿಗೆ ಬಂದ, 22ಕ್ಕೆ ಪಹಲ್ಗಾಮ್‌ನ ಬೈಸರನ್ ಹುಲ್ಲುಗಾವಲಿನಲ್ಲಿ 26 ಜನರ ಕೊಲೆಯಾಯಿತು, ಸತ್ತವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಎರಡು ವಾರದೊಳಗೆ ಎರಡು ಪೆಟ್ಟು. ಸಿಎಸ್‌ಟಿ ಕಾಣದ ಜನರೇ ಆ ದಿನಗಳಲ್ಲಿ ನಿದ್ದೆಗೆಟ್ಟಿದ್ದರು. ಟಿವಿಯವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ: ಓಡುವ, ಬೀಳುವ, ಅಳುವ ಆ ದೃಶ್ಯಗಳನ್ನು ದಿನವಿಡೀ ಸುತ್ತಿ ಸುತ್ತಿ ತೋರಿಸಬೇಡಿ. ಯಾವ ಮನೆಯಲ್ಲಿ ಯಾರು ಕೂತು ನೋಡುತ್ತಿದ್ದಾರೋ ನಮಗೆ ತಿಳಿಯದು.

ನಿಮ್ಮ ಕಡೆಯಿಂದ ಮೊದಲ ಕೆಲಸ ಆ ದೃಶ್ಯಗಳಿಂದ ದೂರವಿರುವುದು. ಇಂಥ ಸುದ್ದಿಯನ್ನು ಟಿವಿ, ಮೊಬೈಲಿನಲ್ಲಿ ನೋಡಬೇಡಿ, ಬೇಕಿದ್ದರೆ ಬೆಳಿಗ್ಗೆ ಪೇಪರಿನಲ್ಲಿ ಓದಿ. ಮಲಗುವ ಮುಂಚೆಯಂತೂ ಬೇಡವೇ ಬೇಡ. ಪ್ರತಿ ವರ್ಷ ನವೆಂಬರ್ ಕೊನೆಯ ವಾರ ಭಾರವಾಗಿಯೇ ಬರುತ್ತದೆ ಎಂದು ಮೊದಲೇ ತಿಳಿದು, ಆ ದಿನಗಳಲ್ಲಿ ಅಂಗಡಿಯಲ್ಲಿ ಒಬ್ಬರೇ ಇರಬೇಡಿ.

ಮೈ ಬೆವರಿ ಎದೆ ಹೊಡೆದುಕೊಂಡಾಗ ಓಡಬೇಡಿ, ಹಲ್ಲು ಕಚ್ಚಿ ಹೋರಾಡಲೂ ಬೇಡಿ. ಎರಡೂ ಪಾದ ನೆಲಕ್ಕೆ ಒತ್ತಿ. ಕಣ್ಣಿಗೆ ಬಿದ್ದ ನಾಲ್ಕೈದು ಸಾಮಾನು ಹೆಸರಿಸಿ: ತಕ್ಕಡಿ, ಬೆಲ್ಲದ ಡಬ್ಬಿ, ಜೋಳದ ಚೀಲ, ಗೋಡೆಯ ಕ್ಯಾಲೆಂಡರ್. ‘ಇದು ನನ್ನ ಅಂಗಡಿ, ಇವತ್ತು ಸೋಮವಾರ, ಅದು ಮುಗಿದಿದೆ’ ಎಂದು ಬಾಯಿಬಿಟ್ಟು ಹೇಳಿ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ. ಕೆಲವೇ ನಿಮಿಷದಲ್ಲಿ ಅಲೆ ಇಳಿಯುತ್ತದೆ.

ಕ್ವಾರ್ಟರ್ ವಿಷಯದಲ್ಲಿ ಬೈಯುವುದಿಲ್ಲ. ನಿದ್ದೆ ಬೇಕೆಂಬ ಆಸೆಯಿಂದ ಶುರುವಾಗಿದ್ದು ಅದು. ಆದರೆ ಹೆಂಡ ಕಣ್ಣು ಮುಚ್ಚಿಸುತ್ತದೆ, ನಿದ್ದೆ ಕೊಡುವುದಿಲ್ಲ. ನಡುರಾತ್ರಿ ಎಚ್ಚರವಾಗಿ ಕನಸು ಇನ್ನೂ ಕೆಡುತ್ತದೆ. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೈಗೆ ತೊಂದರೆಯಾಗಬಹುದು, ಆದ್ದರಿಂದ ವೈದ್ಯರಿಗೆ ನಿಜವಾದ ಲೆಕ್ಕ ಹೇಳಿ ಅವರು ಹೇಳಿದಂತೆ ಕಡಿಮೆ ಮಾಡಿ.

ವೈದ್ಯರ ಹತ್ತಿರ ಹೋಗಲೇಬೇಕು, ಇದನ್ನು ಸ್ವಲ್ಪ ಒತ್ತಿಯೇ ಹೇಳುತ್ತೇನೆ. ಇಷ್ಟು ವರ್ಷವಾದ ಮೇಲೂ ಚಿಕಿತ್ಸೆ ಫಲ ಕೊಡುತ್ತದೆ. ಆ ನೆನಪನ್ನು ಸುರಕ್ಷಿತವಾದ ಕಡೆ ಕೂತು, ನಿಮಗೆ ತಾಳುವಷ್ಟೇ, ಸ್ವಲ್ಪ ಸ್ವಲ್ಪವಾಗಿ ಬಿಚ್ಚಿ ನೋಡುವ ಮಾತಿನ ಚಿಕಿತ್ಸೆ ಇದೆ. ಕಣ್ಣಿನ ಚಲನೆಯ ಜೊತೆ ನಡೆಸುವ ಇಎಂಡಿಆರ್ ಎಂಬ ಕ್ರಮವಿದೆ. ಬೇಕಾದವರಿಗೆ ಚಟವಾಗದ ಔಷಧಿಗಳೂ ಇವೆ. ಅಂಗಡಿಯಿಂದ ನೀವೇ ನಿದ್ದೆ ಮಾತ್ರೆ ತಂದು ನುಂಗಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಕೂಡ ಇವೆ. ಮೊದಲ ಮಾತು ಫೋನಿನಲ್ಲೇ ಆಗಲಿ ಅನಿಸಿದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗಲೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ‘ಸತ್ತುಹೋದರೆ ಸಾಕು’ ಎಂಬ ಯೋಚನೆ ಒಮ್ಮೆ ಸುಳಿದರೂ ಅದೇ ಗಳಿಗೆ ಮನೆಯವರಿಗೆ ಹೇಳಿ, ಅದೇ ನಂಬರಿಗೆ ಕರೆ ಮಾಡಿ.

ಇಂಥವರು ನಿಮ್ಮ ಮನೆಯಲ್ಲೂ ಇರಬಹುದು ಎಂದು ಉಳಿದ ಓದುಗರಿಗೆ ಒಂದೆರಡು ಮಾತು. ‘ಆಗಿದ್ದು ಆಗಿ ಹೋಯ್ತು, ಮರೆತುಬಿಡು’ ಎನ್ನಬೇಡಿ. ಅವರು ಮರೆಯಲು ಪಟ್ಟ ಪಾಡು ನಿಮಗೆ ಗೊತ್ತಿಲ್ಲ. ಏನಾಯಿತು, ಹೇಗಾಯಿತು ಎಂದು ಕೆದಕಿ ಕೇಳಲೂ ಬೇಡಿ. ಹೇಳಿದರೆ ಕೇಳಿಸಿಕೊಳ್ಳಿ, ಹೇಳದಿದ್ದರೆ ಜೊತೆಗೆ ಕೂತಿರಿ. ಓಣಿಯಲ್ಲಿ ಪಟಾಕಿ ಹಚ್ಚುವವರು ಮುಂಚೆಯೇ ಒಂದು ಮಾತು ತಿಳಿಸಿದರೆ ಅದೂ ದೊಡ್ಡ ಉಪಕಾರ.

ಇನ್ನು ಮಗಳ ಮಾತು. ಈ ಸಲ ಪುಣೆಗೆ ಬಸ್ಸಿನಲ್ಲೇ ಹೋಗಿ. ಧೈರ್ಯ ತೋರಿಸಲು ಹೋಗಿ ಒಮ್ಮೆಲೇ ರೈಲು ಹತ್ತಿ, ನಡುದಾರಿಯಲ್ಲಿ ಇಳಿಯುವಂತಾದರೆ ಭಯ ಇನ್ನಷ್ಟು ಗಟ್ಟಿಯಾಗುತ್ತದೆ. ರೈಲಿಗೂ ದಾರಿ ಇದೆ: ಚಿಕಿತ್ಸೆ ಶುರುವಾದ ಮೇಲೆ, ವೈದ್ಯರು ಹೂಂ ಅಂದ ಮೇಲೆ, ಮೊದಲು ನಿಮ್ಮ ಹತ್ತಿರದ ಸ್ಟೇಷನ್ನಿನ ಹೊರಗೆ ಚಹಾ ಕುಡಿದು ಬನ್ನಿ, ಆಮೇಲೊಂದು ದಿನ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಒಳಗೆ ಹೋಗಿ ಕೂತು ಬನ್ನಿ, ಆಮೇಲೆ ಒಂದೇ ಸ್ಟೇಷನ್ ದೂರದ ಪ್ರಯಾಣ. ಪ್ರತಿ ಸಲವೂ ಜೊತೆಗೊಬ್ಬರಿರಲಿ. ಆ ಒಬ್ಬರು ನಿಮ್ಮ ಹೆಂಡತಿಯಾದರೆ ಒಳ್ಳೆಯದು, ಅದಕ್ಕೆ ಅವರಿಗೆ ಹೇಳಬೇಕಾಗುತ್ತದೆ. ಎಲ್ಲವನ್ನೂ ಒಂದೇ ದಿನ ಹೇಳಬೇಕಿಲ್ಲ. ‘ಮುಂಬೈಯಾಗ ದಾಳಿ ಆದ ದಿನ ನಾ ಸ್ಟೇಷನ್ನಿನ್ಯಾಗಿದ್ದೆ, ಅದು ಇನ್ನೂ ನನ್ನ ಬಿಟ್ಟಿಲ್ಲ’ ಎಂದಷ್ಟು ಹೇಳಿದರೆ ಅವತ್ತಿಗೆ ಸಾಕು. ಮಗಳಿಗೂ ಬಸ್ಸೇ ಯಾಕೆಂದು ಪುಣೆಗೆ ಹೊರಡುವ ಮುಂಚೆ ನೀವೇ ಹೇಳಿ. ಅವಳು ದೊಡ್ಡವಳಾಗಿದ್ದಾಳೆ, ಅರ್ಥಮಾಡಿಕೊಳ್ಳುತ್ತಾಳೆ.