ಓಡಿ ಹೋಗಿ ಕಾಯುವ ಹಡಗುಗಳು

ಪ್ರಥಮ ಪಿಯುಸಿಯಲ್ಲಿ ಬಿಲ್ ಆಫ್ ಲೇಡಿಂಗ್, ಮೇಟ್ಸ್ ರಸೀದಿ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೆವು. ಆದರೆ ಸರಕಿನ ಹಡಗು ಬಂದರಿನ ಹೊರಗೆ ದಿನಗಟ್ಟಲೆ ಕಾಯುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

2007ರ ಜೂನ್ 8ರಂದು ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ ಪಾಷಾ ಬಲ್ಕರ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ನಾಬಿಸ್ ಕಡಲತೀರಕ್ಕೆ ಬಂದು ಬಡಿಯಿತು. 22 ಸಿಬ್ಬಂದಿಯನ್ನು ಹೆಲಿಕಾಪ್ಟರ್‌ನಲ್ಲಿ ಎತ್ತಿ ಉಳಿಸಿದರು. ಅದು ಕಲ್ಲಿದ್ದಲು ತುಂಬಿಕೊಳ್ಳಲು ಬಂದಿದ್ದ ಖಾಲಿ ಹಡಗು. ಆ ದಿನಗಳಲ್ಲಿ ಅಲ್ಲಿ ಸರದಿಗಾಗಿ ಕಾಯುತ್ತಿದ್ದ ಹಡಗುಗಳು 50ಕ್ಕೂ ಹೆಚ್ಚು!

ಸರದಿ ಇಲ್ಲವೆಂದು ಗೊತ್ತಿದ್ದೂ ಅಷ್ಟು ಹಡಗುಗಳು ಏಕೆ ಬಂದವು? ಉತ್ತರ ಎಂಜಿನ್ನಿನಲ್ಲಿಲ್ಲ, ಕರಾರಿನಲ್ಲಿದೆ. ಅನೇಕ ಬಂದರುಗಳಲ್ಲಿ ಮೊದಲು ಬಂದವರಿಗೆ ಮೊದಲ ಸರದಿ. ಒಂದು ಪ್ರಯಾಣಕ್ಕೆ ಹಡಗನ್ನು ಬಾಡಿಗೆ ಪಡೆಯುವ ಕರಾರಿನಲ್ಲಿ, ವಿಳಂಬ ಮಾಡದೆ ಹೋಗಬೇಕೆಂದು ಬರೆದಿರುತ್ತದೆ. ತಲುಪಿ 'ನಾವು ಸಿದ್ಧ' ಎಂದು ನೋಟಿಸ್ ಕೊಟ್ಟ ನಂತರ ಸಮಯದ ಲೆಕ್ಕ ಶುರು. ನಿಗದಿತ ಸಮಯ ಮೀರಿದರೆ ಬಾಡಿಗೆದಾರ ಡೆಮರೇಜ್ ಕೊಡಬೇಕು. ನನ್ನ ಮಾಮೂ ಲಾರಿ ಓಡಿಸುತ್ತಾರೆ. ಅವರ ಭಾಷೆಯಲ್ಲಿ ಇದೇ 'ಹಾಲ್ಟಿಂಗ್'. ಆದ್ದರಿಂದ ಎಲ್ಲರಿಗೂ ಅವಸರ.

ಈ ಅವಸರದ ಬೆಲೆ ದೊಡ್ಡದು. ಹಡಗಿನ ದಿನದ ಇಂಧನ ಸುಮಾರಾಗಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಒಂದು ಹಡಗು ದಿನಕ್ಕೆ 30 ಟನ್‌ನಂತೆ 10 ದಿನ ಓಡಿತು ಎನ್ನೋಣ: 300 ಟನ್. ವೇಗವನ್ನು ಶೇ. 10 ಇಳಿಸಿದರೆ ಪ್ರಯಾಣ 11 ದಿನ ದಾಟುತ್ತದೆ, ಆದರೆ ಇಂಧನ ಸುಮಾರು 243 ಟನ್ ಸಾಕು. ಒಂದು ಟನ್ ಹಡಗಿನ ಎಣ್ಣೆ ಉರಿದರೆ 3 ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಹಡಗು ಸಾರಿಗೆಯ ಪಾಲು 2018ರಲ್ಲಿ ಶೇ. 2.89 ಇತ್ತು.

ಡಿಜಿಟಲ್ ತಂತ್ರಜ್ಞಾನದ ಕೆಲಸ ಇಲ್ಲಿದೆ. ಅಂತಾರಾಷ್ಟ್ರೀಯ ಯಾನದ 300 ಗ್ರಾಸ್ ಟನ್ನೇಜ್ ಮೇಲಿನ ಎಲ್ಲ ಹಡಗುಗಳಲ್ಲೂ ಎಐಎಸ್ ಉಪಕರಣ ಕಡ್ಡಾಯ. ಅದು ಹಡಗಿನ ಸ್ಥಾನ, ವೇಗ, ದಿಕ್ಕನ್ನು ಪ್ರಸಾರ ಮಾಡುತ್ತಿರುತ್ತದೆ. ಬಂದರು ತನ್ನ ಬರ್ತ್ ಯಾವಾಗ ಖಾಲಿ ಎಂದು ಮೊದಲೇ ತಿಳಿಸಿದರೆ ಹಡಗು ನಿಧಾನವಾಗಿ ಬಂದು ಸರಿಯಾದ ಹೊತ್ತಿಗೆ ತಲುಪಬಹುದು. ನ್ಯೂಕ್ಯಾಸಲ್‌ನಲ್ಲಿ ನಂತರ ಇಂಥದ್ದೇ ವ್ಯವಸ್ಥೆ ಬಂತು: ನಿಜವಾಗಿ ತಲುಪಿದ ಸಮಯದ ಬದಲು, ಲೆಕ್ಕ ಹಾಕಿದ ಸಮಯದ ಮೇಲೆ ಸರದಿ.

ಆದರೂ ಕರಾರು ಬದಲಾಗದೆ ಕಂಪ್ಯೂಟರ್ ಏನು ಮಾಡೀತು? ನಿಧಾನ ಮಾಡಿದ ಕ್ಯಾಪ್ಟನ್ ಕರಾರು ಮುರಿದಂತೆ. ಅದಕ್ಕೇ ಬಿಮ್ಕೊ ಎಂಬ ಹಡಗು ಉದ್ಯಮದ ಸಂಸ್ಥೆ 2021ರಲ್ಲಿ ಒಂದು ಹೊಸ ಷರತ್ತನ್ನು ಬರೆಯಿತು. ಇಬ್ಬರೂ ಒಪ್ಪಿ ವೇಗ ಇಳಿಸಿದರೆ ಅದು ಕರಾರಿನ ಉಲ್ಲಂಘನೆಯಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು, ಏಕೆಂದರೆ ಇದು ವಾಣಿಜ್ಯ ಓದಿದವರು ಮಾಡುವ ಕೆಲಸ.

ಇದನ್ನೆಲ್ಲ ಮಾಮೂಗೆ ಹೇಳಿದೆ. ಅವರು ಚಹಾ ಕುಡಿಯುತ್ತಾ, "ಬೇಟಾ, ನಾಳೆ ಹನ್ನೊಂದು ಗಂಟೆಗೆ ನಿನ್ನ ಸರದಿ ಅಂತ ಗೋಡೌನಿನವರು ಫೋನಿಗೆ ಹಾಕಿದರೆ, ನಾನ್ಯಾಕೆ ರಾತ್ರಿ ನಿದ್ದೆಗೆಟ್ಟು ಘಾಟಿ ಇಳಿಸಲಿ?" ಎಂದರು.